ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಸರಿಯಾಗಿ ತೆಗೆದುಕೊಳ್ಳುವುದು ಹೇಗೆ: ಚೀಟಿಯಿಂದ ಕೊನೆಯ ಡೋಸ್‌ವರೆಗೆ

ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಎಂಬ ಈ ಆಂಟಿಬಯಾಟಿಕ್ ಮಾತ್ರೆ ತೆಗೆದುಕೊಂಡವರಿಂದ ನಾನು ಕೇಳುವ ಮಾತುಗಳು ಹೆಚ್ಚುಕಡಿಮೆ ಒಂದೇ. ಹೊಟ್ಟೆ ಕೆಟ್ಟಿತು, ಅದಕ್ಕೆ ಮೂರನೇ ದಿನವೇ ಬಿಟ್ಟೆ. 625 ಸಿಗಲಿಲ್ಲ, 375ರ ಎರಡು ನುಂಗಿದೆ. ಹೋದ ತಿಂಗಳ ಸಿರಪ್ ಫ್ರಿಜ್‌ನಲ್ಲಿತ್ತು, ಮಗುವಿಗೆ ಅದನ್ನೇ ಕೊಟ್ಟೆ. ಬೆಳಗ್ಗೆ ಮರೆತೆ, ರಾತ್ರಿ ಎರಡು ಸೇರಿಸಿ ತಗೊಂಡೆ. ಮತ್ತೆ ಮತ್ತೆ ಇವೇ ತಪ್ಪುಗಳು, ಅದಕ್ಕೇ ಶುರುವಿನಿಂದ ಕೊನೆಯವರೆಗೆ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಒಂದು ವಿಷಯ ತಲೆಯಲ್ಲಿ ಕೂತರೆ ಉಳಿದದ್ದು ಸುಲಭ. ಇದು ಒಂದು ಔಷಧಿಯಲ್ಲ, ಎರಡು. ಅಮಾಕ್ಸಿಸಿಲಿನ್ ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲಸ ಕೆಡಿಸಿ ಅದನ್ನು ಸಾಯಿಸುತ್ತದೆ. ಆದರೆ ಕೆಲವು ಬ್ಯಾಕ್ಟೀರಿಯಾಗಳು ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ಬಿಟ್ಟು ಅಮಾಕ್ಸಿಸಿಲಿನ್ ಅನ್ನೇ ಮುರಿದುಹಾಕುತ್ತವೆ. ಕ್ಲಾವುಲನೇಟ್ ಇರುವುದು ಆ ಕಿಣ್ವವನ್ನು ಕಟ್ಟಿಹಾಕುವುದಕ್ಕೆ. ತಾನಾಗಿ ಅದು ಬ್ಯಾಕ್ಟೀರಿಯಾವನ್ನು ಹೆಚ್ಚೇನೂ ಕೊಲ್ಲುವುದಿಲ್ಲ, ಕಾವಲು ಮಾತ್ರ. ಊಟದ ಜೊತೆ ತಗೊಳ್ಳಿ, ತೇವ ತಾಗಿಸಬೇಡಿ, ಅಂಕಿ ನೋಡಿ, ಕಣ್ಣು ಹಳದಿಯಾದರೆ ಓಡಿ ಅನ್ನುವ ನಿಯಮಗಳೆಲ್ಲ ಮುಖ್ಯವಾಗಿ ಬಂದಿರುವುದು ಈ ಎರಡನೇ ಔಷಧಿಯಿಂದ. ಜನ ಮರೆಯುವುದೂ ಇದನ್ನೇ.

ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಿ: ಡಾಕ್ಟರ್ ಚೀಟಿ, ಫೋನ್ ಅಲಾರಂ, ಪೊಟ್ಟಣದ ಮೇಲೆ ಬರೆಯಲು ಒಂದು ಪೆನ್ನು, ಮಗುವಿಗಾದರೆ ಮಿ.ಲೀ ಗುರುತಿರುವ ಸಿರಿಂಜ್ ಅಥವಾ ಅಳತೆ ಕಪ್.

ಹಂತ 1: ಈ ಮಾತ್ರೆ ಯಾವುದಕ್ಕೆ ಅಂತ ಕೇಳಿಕೊಂಡು ಬನ್ನಿ

ಶೀತ, ಫ್ಲೂ, ಬಹುಪಾಲು ಗಂಟಲು ನೋವು, ಸಾಮಾನ್ಯ ಕೆಮ್ಮು ಎಲ್ಲ ವೈರಸ್‌ನಿಂದ ಬರುತ್ತವೆ. ವೈರಸ್ ಮೇಲೆ ಈ ಮಾತ್ರೆ ಏನೂ ಮಾಡುವುದಿಲ್ಲ, ಆದರೆ ಅದರ ಅಡ್ಡಪರಿಣಾಮಗಳು ಮಾತ್ರ ಅಷ್ಟೇ ಬರುತ್ತವೆ. ಬ್ಯಾಕ್ಟೀರಿಯಾದಿಂದ ಬಂದ ಸೈನಸ್ ಸೋಂಕು, ಕಿವಿ ಸೋಂಕು, ನ್ಯುಮೋನಿಯ, ಹಲ್ಲಿನ ಬುಡದ ಕೀವು, ಕೆಲವು ಮೂತ್ರದ ಸೋಂಕು, ನಾಯಿ ಬೆಕ್ಕು ಕಚ್ಚಿದ ಗಾಯ ಇಂಥವುಗಳಿಗೆ ಇದನ್ನು ಬರೆಯುತ್ತಾರೆ.

ಡಾಕ್ಟರ್ ಮುಂದೆ ಮೂರು ಪ್ರಶ್ನೆ ಕೇಳಿ. ಇದು ಯಾವ ಸೋಂಕಿಗೆ? ಎಷ್ಟು ದಿನ? ಎಷ್ಟು ಗಂಟೆಗೊಮ್ಮೆ? ಉತ್ತರವನ್ನು ಚೀಟಿಯ ಮೇಲೆಯೇ ಬರೆದುಕೊಳ್ಳಿ, ಮನೆಗೆ ಬರುವಷ್ಟರಲ್ಲಿ ಎಷ್ಟೋ ಜನರಿಗೆ ದಿನಗಳ ಲೆಕ್ಕ ಮರೆತೇ ಹೋಗಿರುತ್ತದೆ.

ಮನೆಯಲ್ಲಿ ಉಳಿದ ಹಳೆಯ ಸ್ಟ್ರಿಪ್‌ನಿಂದ ನೀವಾಗಿಯೇ ಶುರು ಮಾಡಬೇಡಿ. ಹಾಗೆ ಎರಡು ಮೂರು ಮಾತ್ರೆ ನುಂಗಿ ಆಮೇಲೆ ಡಾಕ್ಟರ್ ಹತ್ತಿರ ಹೋದರೆ ಇನ್ನೊಂದು ತೊಂದರೆ ಇದೆ. ಮೂತ್ರ ಅಥವಾ ಕೀವಿನ ಕಲ್ಚರ್ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು, ಆಗ ಯಾವ ಔಷಧಿ ಕೊಡಬೇಕು ಅಂತ ತಿಳಿಯುವ ದಾರಿಯೇ ಮುಚ್ಚಿಬಿಡುತ್ತದೆ. ಈಗಾಗಲೇ ನುಂಗಿದ್ದರೆ ಮುಚ್ಚಿಡದೆ ಹೇಳಿ.

ಹಂತ 2: ಮೊದಲ ಮಾತ್ರೆಗೂ ಮುಂಚೆ ಹೇಳಲೇಬೇಕಾದ್ದು

ಅಲರ್ಜಿ ಎಲ್ಲಕ್ಕಿಂತ ಮೊದಲು. ಅಮಾಕ್ಸಿಸಿಲಿನ್ ಪೆನಿಸಿಲಿನ್ ಕುಟುಂಬದ ಔಷಧಿ. ಪೆನಿಸಿಲಿನ್, ಆಂಪಿಸಿಲಿನ್ ಅಥವಾ ಸೆಫಲೋಸ್ಪೊರಿನ್ ಗುಂಪಿನ ಯಾವುದೇ ಔಷಧಿಯಿಂದ ಮೈಮೇಲೆ ದಡಿಕೆ ಎದ್ದಿದ್ದರೆ, ಮುಖ ಊದಿದ್ದರೆ, ಉಸಿರು ಕಟ್ಟಿದ್ದರೆ ಈಗಲೇ ಹೇಳಿ. "ಏನೋ ಅಲರ್ಜಿ ಇದೆ" ಅಂದರೆ ಸಾಲದು. ಏನಾಯಿತು, ಎಷ್ಟು ಹೊತ್ತಿನ ಮೇಲೆ ಆಯಿತು, ಆಸ್ಪತ್ರೆಗೆ ಸೇರಬೇಕಾಯಿತಾ, ಎಷ್ಟು ವರ್ಷದ ಹಿಂದೆ, ಇಷ್ಟೂ ಬೇಕು. ಹಿಂದೆಂದೋ ಒಮ್ಮೆ ವಾಂತಿಯಾಗಿದ್ದನ್ನು ಅಲರ್ಜಿ ಅಂತ ಹೇಳಿಕೊಂಡು ಬರುವವರೂ ಇದ್ದಾರೆ, ಅದು ಅಲರ್ಜಿಯಲ್ಲ. ಆದರೆ ಯಾವುದು ಹೌದು ಯಾವುದು ಅಲ್ಲ ಅಂತ ತೀರ್ಮಾನಿಸುವುದು ಡಾಕ್ಟರ್ ಕೆಲಸ. ಮನೆಯಲ್ಲಿ ಒಂದು ಮಾತ್ರೆ ನುಂಗಿ "ನೋಡೋಣ" ಅನ್ನುವ ಪ್ರಯೋಗ ಯಾವತ್ತೂ ಬೇಡ.

ಆಮೇಲೆ ಲಿವರ್. ಹಿಂದೆ ಇದೇ ಜೋಡಿ ಔಷಧಿ ತಗೊಂಡಾಗ ಕಾಮಾಲೆ ಬಂದಿದ್ದರೆ ಇದನ್ನು ಮತ್ತೆ ತೆಗೆದುಕೊಳ್ಳಲೇಬಾರದು. ಬರೀ ಅಮಾಕ್ಸಿಸಿಲಿನ್‌ಗಿಂತ ಈ ಜೋಡಿಯಲ್ಲಿ ಲಿವರ್ ತೊಂದರೆ ಜಾಸ್ತಿ, ಕಾರಣ ಕ್ಲಾವುಲನೇಟ್. ಗಂಡಸರು, ವಯಸ್ಸಾದವರು ಮತ್ತು ಬಹಳ ದಿನ ತೆಗೆದುಕೊಳ್ಳುವವರು ಇಲ್ಲಿ ಹೆಚ್ಚು ಎಚ್ಚರವಾಗಿರಬೇಕು.

ಕಿಡ್ನಿ ತೊಂದರೆ ಇದ್ದರೆ ಡೋಸ್ ಬದಲಾಗುತ್ತದೆ. ಕಿಡ್ನಿಯ ಕೆಲಸ ತುಂಬಾ ಕುಗ್ಗಿದವರಿಗೆ, ಅಂದರೆ ಕ್ರಿಯಾಟಿನಿನ್ ಕ್ಲಿಯರೆನ್ಸ್ ನಿಮಿಷಕ್ಕೆ 30 ಮಿ.ಲೀಗಿಂತ ಕಡಿಮೆ ಇರುವವರಿಗೆ, 875 ಮಿ.ಗ್ರಾಂ ಅಮಾಕ್ಸಿಸಿಲಿನ್ ಇರುವ ದೊಡ್ಡ ಮಾತ್ರೆ ಕೊಡುವುದಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರೆ ಅದನ್ನೂ ಹೇಳಿ.

ಈಗ ತಗೊಳ್ಳುತ್ತಿರುವ ಔಷಧಿಗಳ ಪಟ್ಟಿ ಕೊಡಿ. ಇವುಗಳನ್ನಂತೂ ಬಿಡಲೇಬೇಡಿ:

- ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್. ಈ ಆಂಟಿಬಯಾಟಿಕ್ ಜೊತೆಗೆ ರಕ್ತಸ್ರಾವದ ಸಾಧ್ಯತೆ ಏರಬಹುದು, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವ ಐಎನ್‌ಆರ್ ಪರೀಕ್ಷೆ ಬೇಗ ಬೇಗ ಮಾಡಿಸಬೇಕಾಗುತ್ತದೆ.
- ಸಂಧಿವಾತ, ಸೋರಿಯಾಸಿಸ್‌ನಂಥ ಕಾಯಿಲೆಗೆ ಕೊಡುವ ಮೆಥೊಟ್ರೆಕ್ಸೇಟ್. ಇದು ದೇಹದಿಂದ ಹೊರಹೋಗುವುದು ನಿಧಾನವಾಗಿ ವಿಷದಂತೆ ಆಗಬಹುದು.
- ಗೌಟ್ ಎಂಬ ಕೀಲು ನೋವಿಗೆ ಕೊಡುವ ಅಲೊಪ್ಯುರಿನಾಲ್ ಮತ್ತು ಪ್ರೊಬೆನೆಸಿಡ್. ಮೊದಲನೆಯದು ಚರ್ಮದ ದದ್ದಿನ ಸಾಧ್ಯತೆ ಹೆಚ್ಚಿಸುತ್ತದೆ, ಎರಡನೆಯದು ರಕ್ತದಲ್ಲಿ ಅಮಾಕ್ಸಿಸಿಲಿನ್ ಮಟ್ಟ ಏರಿಸುತ್ತದೆ.
- ಅಂಗ ಕಸಿ ಆದವರು ತಗೊಳ್ಳುವ ಮೈಕೊಫಿನೊಲೇಟ್.

ಗರ್ಭಿಣಿಯಾಗಿದ್ದರೆ, ಎದೆಹಾಲು ಕುಡಿಸುತ್ತಿದ್ದರೆ, ಈಗ ಮೈಯೆಲ್ಲ ಸುಸ್ತಾಗಿ ಕುತ್ತಿಗೆಯಲ್ಲಿ ಗಂಟು ಬಂದು ಗಂಟಲು ನೋಯುತ್ತಿದ್ದರೆ ಹೇಳಿ. ಕೊನೆಯದು ಯಾಕೆ ಅಂದರೆ, ಅದು ಗ್ರಂಥಿ ಜ್ವರ (ಗ್ಲ್ಯಾಂಡುಲರ್ ಫೀವರ್ ಎಂಬ ವೈರಸ್ ಸೋಂಕು) ಆಗಿದ್ದರೆ ಅಮಾಕ್ಸಿಸಿಲಿನ್‌ನಿಂದ ಮೈತುಂಬ ದದ್ದು ಏಳುವ ಸಾಧ್ಯತೆ ತುಂಬಾ ಇದೆ. ಟೈಫಾಯ್ಡ್‌ನ ಬಾಯಿಯ ಮೂಲಕ ಕೊಡುವ ಲಸಿಕೆ ತಗೊಳ್ಳುವವರಿದ್ದರೂ ಹೇಳಿ, ಆ ಲಸಿಕೆಯಲ್ಲಿರುವುದು ಜೀವಂತ ಬ್ಯಾಕ್ಟೀರಿಯಾ, ಈ ಮಾತ್ರೆ ಅದನ್ನೂ ಕೊಲ್ಲಬಹುದು.

ಹಂತ 3: ಪೊಟ್ಟಣದ ಮೇಲಿನ ಅಂಕಿಯನ್ನು ಬಿಡಿಸಿ ಓದಿ

ಇಲ್ಲಿ ಸ್ವಲ್ಪ ನಿಧಾನ ಮಾಡಿ, ಅತಿ ಹೆಚ್ಚು ತಪ್ಪಾಗುವ ಜಾಗ ಇದು.

ದೊಡ್ಡದಾಗಿ ಅಚ್ಚಾಗಿರುವ ಅಂಕಿ ಎರಡೂ ಔಷಧಿಗಳ ಮೊತ್ತ. 375 ಅಂದರೆ 250 ಮಿ.ಗ್ರಾಂ ಅಮಾಕ್ಸಿಸಿಲಿನ್ ಮತ್ತು 125 ಮಿ.ಗ್ರಾಂ ಕ್ಲಾವುಲನಿಕ್ ಆಸಿಡ್ (ಪೊಟ್ಟಣದ ಮೇಲೆ ಕ್ಲಾವುಲನೇಟ್ ಭಾಗವನ್ನು ಹೀಗೆ ಬರೆದಿರುತ್ತಾರೆ). 625 ಅಂದರೆ 500 ಮತ್ತು 125. ಒಂದು ಗ್ರಾಂ ಮಾತ್ರೆ ಅಂದರೆ 875 ಮತ್ತು 125. ಗಮನಿಸಿ, ಮೂರರಲ್ಲೂ ಕ್ಲಾವುಲನಿಕ್ ಆಸಿಡ್ ಅಷ್ಟೇ ಇದೆ, 125. ಏರುವುದು ಅಮಾಕ್ಸಿಸಿಲಿನ್ ಮಾತ್ರ.

ಈಗ 375ರ ಎರಡು ಮಾತ್ರೆ ಸೇರಿಸಿ ನೋಡಿ. ಅಮಾಕ್ಸಿಸಿಲಿನ್ 500 ಆಯಿತು, ಸರಿ. ಕ್ಲಾವುಲನಿಕ್ ಆಸಿಡ್ 250 ಆಯಿತು, ಅಂದರೆ 625ರಲ್ಲಿ ಇರುವುದರ ಎರಡು ಪಟ್ಟು. ಭೇದಿ ಜಾಸ್ತಿ ಆಗುವುದು ಈ ಭಾಗ ಹೆಚ್ಚಾದಾಗಲೇ. ಹಾಗಾಗಿ 625 ಸಿಗಲಿಲ್ಲ ಅಂತ 375ರ ಎರಡು ನುಂಗುವುದು ಸರಿಯಲ್ಲ. ಒಂದು ಗ್ರಾಂ ಮಾತ್ರೆಯನ್ನು ಅರ್ಧ ಮುರಿದು 625ರ ಬದಲಿಗೆ ತಗೊಳ್ಳುವುದೂ ಸರಿಯಲ್ಲ, ಅದರಲ್ಲಿ ಅಮಾಕ್ಸಿಸಿಲಿನ್ ಸಾಲದು, ಕ್ಲಾವುಲನಿಕ್ ಆಸಿಡ್ ಕೂಡ ಅರ್ಧ. ಬರೆದ ಶಕ್ತಿಯ ಮಾತ್ರೆ ಸಿಗದಿದ್ದರೆ ಡಾಕ್ಟರ್‌ಗೆ ಫೋನ್ ಮಾಡಿ ಕೇಳುವುದೇ ದಾರಿ. ಬೇರೆ ಕಂಪನಿಯ ಮಾತ್ರೆ ಕೊಟ್ಟರೆ ಹೆದರಬೇಕಿಲ್ಲ, ಆದರೆ ಹಿಂಬದಿಯ ಸಣ್ಣ ಅಕ್ಷರದಲ್ಲಿ ಎರಡೂ ಅಂಕಿ ಚೀಟಿಯ ಜೊತೆ ಹೊಂದುತ್ತವಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ.

ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳೂ ಇವೆ. ಅವುಗಳನ್ನು ಪುಡಿ ಮಾಡಬಾರದು, ಅಗಿಯಬಾರದು. ಮಾತ್ರೆ ದೊಡ್ಡದಾಗಿ ಗಂಟಲಲ್ಲಿ ಇಳಿಯುವುದಿಲ್ಲ ಅಂತಿದ್ದರೆ ಮುರಿಯುವ ಮೊದಲು ಫಾರ್ಮಸಿಸ್ಟ್‌ಗೆ ತೋರಿಸಿ, ಸಿರಪ್ ರೂಪವೂ ಸಿಗುತ್ತದೆ.

ಸ್ಟ್ರಿಪ್‌ನಿಂದ ಮಾತ್ರೆಯನ್ನು ನುಂಗುವ ಹೊತ್ತಿಗೇ ತೆಗೆಯಿರಿ. ಕ್ಲಾವುಲನೇಟ್ ಗಾಳಿಯ ತೇವವನ್ನು ಬೇಗ ಹೀರಿಕೊಂಡು ಹಾಳಾಗುತ್ತದೆ. ಮಾತ್ರೆಗಳನ್ನೆಲ್ಲ ಬಿಡಿಸಿ ವಾರದ ಡಬ್ಬಿಯ ಖಾನೆಗಳಲ್ಲಿ ತುಂಬಿಡುವ ಅಭ್ಯಾಸ ಬೇರೆ ಔಷಧಿಗೆ ಒಳ್ಳೆಯದಿರಬಹುದು, ಇದಕ್ಕೆ ಬೇಡ. ಬಚ್ಚಲಿನ ಕಪಾಟು, ಒಲೆಯ ಪಕ್ಕದ ಗೂಡು ಕೂಡ ಬೇಡ. ಬಣ್ಣ ತಿರುಗಿದ, ಕಲೆ ಬಿದ್ದ ಅಥವಾ ಮೆತ್ತಗಾದ ಮಾತ್ರೆ ನುಂಗಬೇಡಿ.

ಹಂತ 4: ಗಂಟೆ ಗೊತ್ತು ಮಾಡಿ

"ದಿನಕ್ಕೆ ಎರಡು ಸಲ" ಅಂದರೆ 12 ಗಂಟೆಗೊಮ್ಮೆ. "ದಿನಕ್ಕೆ ಮೂರು ಸಲ" ಅಂದರೆ 8 ಗಂಟೆಗೊಮ್ಮೆ. ಬೆಳಗ್ಗೆ ಹತ್ತಕ್ಕೆ ಒಂದು, ಸಂಜೆ ನಾಲ್ಕಕ್ಕೆ ಇನ್ನೊಂದು ತಗೊಂಡು ಎರಡು ಸಲ ಮುಗಿಯಿತು ಅಂದುಕೊಂಡರೆ, ಆಮೇಲೆ 18 ಗಂಟೆ ಖಾಲಿ.

ಈ ಅಂತರ ಯಾಕೆ ಅಷ್ಟು ಮುಖ್ಯ ಅಂದರೆ, ಆರೋಗ್ಯವಾಗಿರುವ ಕಿಡ್ನಿ ಅಮಾಕ್ಸಿಸಿಲಿನ್ ಅನ್ನು ಬೇಗ ಹೊರಹಾಕುತ್ತದೆ, ರಕ್ತದಲ್ಲಿ ಅದರ ಮಟ್ಟ ಸುಮಾರು ಒಂದು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ಬ್ಯಾಕ್ಟೀರಿಯಾವನ್ನು ಕೊಲ್ಲಲು ಈ ಔಷಧಿ ಒಂದೇ ಸಲ ಜೋರಾಗಿ ಏರಿದರೆ ಪ್ರಯೋಜನವಿಲ್ಲ, ಸಾಕಷ್ಟು ಹೊತ್ತು ಸಾಕಷ್ಟು ಮಟ್ಟದಲ್ಲಿ ಇರಬೇಕು. ಎರಡು ಮಾತ್ರೆ ಒಟ್ಟಿಗೆ ನುಂಗಿದರೆ ಹೊಟ್ಟೆ ಕೆಡುತ್ತದೆ ಹೊರತು ಆ ಖಾಲಿ ಹೊತ್ತು ತುಂಬುವುದಿಲ್ಲ.

ಎರಡು ಸಲದವರಿಗೆ ಬೆಳಗ್ಗೆ 8, ರಾತ್ರಿ 8 ಹೊಂದುತ್ತದೆ. ಮೂರು ಸಲದವರಿಗೆ ಬೆಳಗ್ಗೆ 6 ಅಥವಾ 7, ಮಧ್ಯಾಹ್ನ 2 ಅಥವಾ 3, ರಾತ್ರಿ 10 ಅಥವಾ 11. ನಿಮಿಷ ಹೆಚ್ಚುಕಡಿಮೆಯಾದರೆ ಪರವಾಗಿಲ್ಲ. ಫೋನ್‌ನಲ್ಲಿ ಅಲಾರಂ ಇಟ್ಟು, ಪ್ರತಿ ಮಾತ್ರೆಯ ಗುಳಿಯ ಪಕ್ಕದಲ್ಲಿ ಪೆನ್ನಿಂದ ದಿನ, ಹೊತ್ತು ಬರೆದುಬಿಡಿ. "ತಗೊಂಡೆನಾ ಇಲ್ವಾ" ಅನ್ನುವ ಗೊಂದಲಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಹಂತ 5: ಊಟದ ಮೊದಲ ತುತ್ತಿನ ಜೊತೆಗೆ ನುಂಗಿ

"ಊಟವಾದ ಮೇಲೆ" ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಸರಿಯಾದ ಹೊತ್ತು ಊಟದ ಶುರು. ಆಗ ಕ್ಲಾವುಲನೇಟ್ ಚೆನ್ನಾಗಿ ಮೈಗೆ ಹತ್ತುತ್ತದೆ, ಹೊಟ್ಟೆಯೂ ಕಡಿಮೆ ತೊಳಸುತ್ತದೆ. ಜಿಡ್ಡಿನ ತಿಂಡಿ ಶುರು ಮಾಡಿ ಅರ್ಧ ಗಂಟೆ, ಎರಡೂವರೆ ಗಂಟೆ ಬಿಟ್ಟು ಕೊಟ್ಟು ನೋಡಿದಾಗ ಕ್ಲಾವುಲನೇಟ್ ಕಡಿಮೆ ಪ್ರಮಾಣದಲ್ಲಿ ರಕ್ತಕ್ಕೆ ಸೇರಿದ್ದು ಕಂಡುಬಂದಿದೆ. ಎರಡು ತುತ್ತು ತಿಂದು ಮಾತ್ರೆ ನುಂಗಿ, ಒಂದು ಲೋಟ ನೀರು ಕುಡಿದು, ಊಟ ಮುಂದುವರಿಸಿ. ಜ್ವರದಲ್ಲಿ ಊಟ ಸೇರದಿದ್ದರೆ ಸ್ವಲ್ಪವೇ ಏನಾದರೂ ತಿನ್ನಿ, ಊಟ ಇಲ್ಲ ಅಂತ ಡೋಸ್ ಬಿಡಬೇಡಿ.

ಹಾಲಿನ ಜೊತೆ ಬೇಡವಾ ಅಂತ ಕೇಳುವವರಿಗೆ: ಆ ಎಚ್ಚರಿಕೆ ಟೆಟ್ರಾಸೈಕ್ಲಿನ್‌ನಂಥ ಬೇರೆ ಆಂಟಿಬಯಾಟಿಕ್‌ಗಳದ್ದು. ಇದಕ್ಕೆ ಹಾಲು ಅಡ್ಡಿಯಿಲ್ಲ. ದಿನವಿಡೀ ನೀರು ಚೆನ್ನಾಗಿ ಕುಡಿಯಿರಿ, ದೊಡ್ಡ ಡೋಸ್‌ನಲ್ಲಿ ಅಮಾಕ್ಸಿಸಿಲಿನ್ ಮೂತ್ರದಲ್ಲಿ ಹರಳುಗಟ್ಟುವುದುಂಟು.

ಹಂತ 6: ಮಗುವಿನ ಸಿರಪ್ ಕಲಸುವುದು, ಅಳೆಯುವುದು

ಮಕ್ಕಳ ಡೋಸ್ ನಿಲ್ಲುವುದು ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಹೊರಡುವ ಮೊದಲೇ ತೂಕ ನೋಡಿಕೊಂಡು ಹೋಗಿ. ಅಣ್ಣನಿಗೆ ಬರೆದ ಬಾಟಲಿಯನ್ನು ತಂಗಿಗೆ ಅರ್ಧ ಮಾಡಿ ಕೊಡುವುದು, ದೊಡ್ಡವರ ಮಾತ್ರೆ ಮುರಿದು ಕೊಡುವುದು ಎರಡೂ ತಪ್ಪು.

ಸಿರಪ್‌ನಲ್ಲೂ ಶಕ್ತಿ ಬೇರೆ ಬೇರೆ. 228 ಅಂತ ಬರೆದಿದ್ದರೆ 5 ಮಿ.ಲೀಯಲ್ಲಿ 200 ಮಿ.ಗ್ರಾಂ ಅಮಾಕ್ಸಿಸಿಲಿನ್ ಮತ್ತು 28.5 ಮಿ.ಗ್ರಾಂ ಕ್ಲಾವುಲನಿಕ್ ಆಸಿಡ್ ಇರುತ್ತದೆ. 457 ಅಂತಿದ್ದರೆ 400 ಮತ್ತು 57. ಅದೇ 5 ಮಿ.ಲೀ, ಔಷಧಿ ಮಾತ್ರ ಎರಡು ಪಟ್ಟು. ನಮ್ಮ ಮನೆಯಲ್ಲೇ ಒಮ್ಮೆ ಹೀಗಾಗಿತ್ತು. ಎರಡನೇ ಬಾಟಲಿ ತಂದಾಗ ಶಕ್ತಿ ಬದಲಾಗಿದ್ದನ್ನು ಯಾರೂ ನೋಡಿರಲಿಲ್ಲ, ಎರಡು ದಿನ ಮಗುವಿಗೆ ಅರ್ಧ ಡೋಸ್ ಹೋಯಿತು, ಜ್ವರ ಯಾಕೆ ಇಳಿಯುತ್ತಿಲ್ಲ ಅಂತ ಮನೆಯವರೆಲ್ಲ ಒದ್ದಾಡಿದೆವು. ಅವತ್ತಿನಿಂದ ಪ್ರತಿ ಬಾಟಲಿಯ ಅಂಕಿಯನ್ನು ಗಟ್ಟಿಯಾಗಿ ಓದಿಯೇ ಮುಚ್ಚಳ ತೆಗೆಯುತ್ತೇನೆ.

ಸಿರಪ್ ಬಾಟಲಿಯಲ್ಲಿ ಬರುವ ಒಣ ಪುಡಿಯನ್ನು ಕಲಸುವ ಕ್ರಮ ಹೀಗೆ:

1. ಬಾಟಲಿಯನ್ನು ತಟ್ಟಿ ಅಂಟಿಕೊಂಡ ಪುಡಿಯನ್ನು ಸಡಿಲ ಮಾಡಿ.
2. ಕಾಯಿಸಿ ಪೂರ್ತಿ ಆರಿಸಿದ ನೀರನ್ನು ಗುರುತಿಗಿಂತ ಸ್ವಲ್ಪ ಕೆಳಗೆ ಬರುವಷ್ಟು ಹಾಕಿ ಜೋರಾಗಿ ಕುಲುಕಿ. ಬಿಸಿ ನೀರು ಬೇಡ, ಕ್ಲಾವುಲನೇಟ್ ಕೆಡುತ್ತದೆ.
3. ನೊರೆ ಇಳಿಯುವವರೆಗೆ ಬಿಡಿ. ನೊರೆ ಇರುವಾಗಲೇ ಗುರುತು ನೋಡಿದರೆ ನೀರು ಕಡಿಮೆ ಬೀಳುತ್ತದೆ, ಔಷಧಿ ಗಟ್ಟಿಯಾಗುತ್ತದೆ.
4. ಈಗ ಗುರುತಿನವರೆಗೆ ನೀರು ತುಂಬಿಸಿ, ಮತ್ತೆ ಕುಲುಕಿ.
5. ಕಲಸಿದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ.

ನೀರಿನ ಅಳತೆ ಬಾಟಲಿಯ ಚೀಟಿಯಲ್ಲಿ ಬೇರೆ ರೀತಿ ಇದ್ದರೆ ಅದನ್ನೇ ಪಾಲಿಸಿ. ಕಷ್ಟ ಅನ್ನಿಸಿದರೆ ಅಂಗಡಿಯವರಿಂದಲೇ ಕಲಸಿಸಿಕೊಂಡು ಬನ್ನಿ.

ಕಲಸಿದ ಸಿರಪ್ ಫ್ರಿಜ್‌ನಲ್ಲಿ, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಐಸ್ ಕಟ್ಟುವ ಮೇಲಿನ ಪೆಟ್ಟಿಗೆಯಲ್ಲಿ ಅಲ್ಲ. ಸಾಮಾನ್ಯವಾಗಿ 7 ದಿನ, ಕೆಲವು ತಯಾರಿಕೆಗಳಲ್ಲಿ 10 ದಿನ ಬರುತ್ತದೆ, ನಿಮ್ಮ ಬಾಟಲಿ ಏನು ಹೇಳುತ್ತದೆ ಅನ್ನುವುದೇ ಲೆಕ್ಕ. ಅದಾದ ಮೇಲೆ ಅರ್ಧ ಬಾಟಲಿ ಉಳಿದಿದ್ದರೂ ಕೊಡಬೇಡಿ. ನೋಡಲು ಚೆನ್ನಾಗೇ ಇರುತ್ತದೆ, ಒಳಗಿನ ಔಷಧಿ ಶಕ್ತಿ ಕಳೆದುಕೊಂಡಿರುತ್ತದೆ.

ಪ್ರತಿ ಸಲ ಕುಲುಕಿ, ಸಿರಿಂಜ್‌ನಿಂದಲೇ ಅಳೆಯಿರಿ. ಅಡುಗೆಮನೆಯ ಚಮಚಗಳು ಒಂದೊಂದೂ ಒಂದೊಂದು ಅಳತೆ. ಮಗುವನ್ನು ಕೂರಿಸಿ, ಸಿರಿಂಜ್ ತುದಿಯನ್ನು ಕೆನ್ನೆಯ ಒಳಬದಿಗೆ ಇಟ್ಟು ಸ್ವಲ್ಪ ಸ್ವಲ್ಪ ಬಿಡಿ, ಗಂಟಲಿಗೆ ನೇರವಾಗಿ ಚಿಮ್ಮಿಸಬೇಡಿ. ಪೂರ್ತಿ ಹಾಲಿನ ಬಾಟಲಿಗೆ ಬೆರೆಸಬೇಡಿ, ಮಗು ಅರ್ಧ ಕುಡಿದು ಬಿಟ್ಟರೆ ಎಷ್ಟು ಹೋಯಿತು ಅಂತ ಗೊತ್ತಾಗುವುದಿಲ್ಲ. ಹಲ್ಲಿನ ಮೇಲೆ ಕಲೆ ಕಂಡರೆ ಗಾಬರಿ ಬೇಡ, ಚೆನ್ನಾಗಿ ಉಜ್ಜಿದರೆ ಸಾಮಾನ್ಯವಾಗಿ ಹೋಗುತ್ತದೆ. ಮಗುವಿಗೆ ಫಿನೈಲ್‌ಕೀಟೊನ್ಯೂರಿಯಾ (ಫಿನೈಲಲನಿನ್ ಎಂಬ ಅಂಶವನ್ನು ಮೈ ಅರಗಿಸಿಕೊಳ್ಳಲಾಗದ ಹುಟ್ಟು ಕಾಯಿಲೆ) ಇದ್ದರೆ ಮೊದಲೇ ಹೇಳಿ, ಕೆಲವು ಸಿರಪ್‌ಗಳಲ್ಲಿ ಆ ಅಂಶವಿರುವ ಆಸ್ಪರ್ಟೇಮ್ ಎಂಬ ಕೃತಕ ಸಿಹಿ ಇರುತ್ತದೆ.

ಹಂತ 7: ಡೋಸ್ ತಪ್ಪಿದರೆ, ವಾಂತಿಯಾದರೆ

ನೆನಪಾದ ಕೂಡಲೇ ತಗೊಳ್ಳಿ. ಮುಂದಿನ ಡೋಸ್‌ಗೆ ಕನಿಷ್ಠ 4 ಗಂಟೆ ಅಂತರ ಇರಲಿ. ಮುಂದಿನ ಡೋಸ್‌ನ ಹೊತ್ತು ಬಂದೇಬಿಟ್ಟಿದ್ದರೆ ತಪ್ಪಿದ್ದನ್ನು ಬಿಟ್ಟು ಎಂದಿನ ಗಂಟೆಗೆ ಮುಂದುವರಿಸಿ. ಎರಡು ಸೇರಿಸಬೇಡಿ. ಇಡೀ ದಿನವೇ ತಪ್ಪಿಹೋಗಿದ್ದರೆ ಡಾಕ್ಟರ್‌ಗೆ ತಿಳಿಸಿ.

ಮಗು ಔಷಧಿ ಕುಡಿದು ಅರ್ಧ ಗಂಟೆಯೊಳಗೆ ವಾಂತಿ ಮಾಡಿಕೊಂಡರೆ ಸಾಮಾನ್ಯವಾಗಿ ಅದೇ ಡೋಸ್ ಮತ್ತೊಮ್ಮೆ ಕೊಡುತ್ತಾರೆ, ಅರ್ಧ ಗಂಟೆ ಕಳೆದಿದ್ದರೆ ಕೊಡುವುದಿಲ್ಲ. ಎರಡನೇ ಸಲವೂ ವಾಂತಿಯಾದರೆ ಮೂರನೇ ಸಲ ಪ್ರಯತ್ನಿಸದೆ ಡಾಕ್ಟರ್‌ಗೆ ಫೋನ್ ಮಾಡಿ. ಔಷಧಿ ಕೊಟ್ಟ ಒಂದರಿಂದ ನಾಲ್ಕು ಗಂಟೆಯಲ್ಲಿ ಮಗು ಬಿಡದೆ ವಾಂತಿ ಮಾಡಿ, ಬಿಳಿಚಿಕೊಂಡು, ಜೋಲು ಬಿದ್ದರೆ ಅದು ಬೇರೆಯೇ ಥರದ ಅಪರೂಪದ ಪ್ರತಿಕ್ರಿಯೆ ಇರಬಹುದು. ಆಗ ಮುಂದಿನ ಡೋಸ್ ಕೊಡದೆ ಆಸ್ಪತ್ರೆಗೆ ಹೋಗಿ.

ತಪ್ಪಿ ಜಾಸ್ತಿ ನುಂಗಿಬಿಟ್ಟಿದ್ದರೆ ಪೊಟ್ಟಣ ಕೈಯಲ್ಲಿ ಹಿಡಿದು ಡಾಕ್ಟರ್‌ಗೆ ಫೋನ್ ಮಾಡಿ, ಎಷ್ಟು ಮಾತ್ರೆ, ಯಾವ ಶಕ್ತಿ ಅಂತ ಓದಿ ಹೇಳಿ.

ಹಂತ 8: ಹೊಟ್ಟೆ ಕೆಟ್ಟಾಗ ಎಲ್ಲಿ ಗೆರೆ ಎಳೆಯಬೇಕು

ಭೇದಿ ಈ ಔಷಧಿಯ ಅತಿ ಸಾಮಾನ್ಯ ಅಡ್ಡಪರಿಣಾಮ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ, ಕ್ಲಾವುಲನೇಟ್ ಕರುಳನ್ನು ಕೆರಳಿಸುತ್ತದೆ. ದಿನಕ್ಕೆ ಒಂದೆರಡು ಸಲ ಸಡಿಲವಾಗಿ ಹೋಗುವುದು, ಸ್ವಲ್ಪ ವಾಕರಿಕೆ, ಇಷ್ಟಕ್ಕೆ ಮಾತ್ರೆ ಬಿಡಬೇಕಿಲ್ಲ. ಊಟದ ಶುರುವಿನಲ್ಲಿ ನುಂಗುತ್ತಿದ್ದೀರಾ ಅಂತ ಮತ್ತೊಮ್ಮೆ ನೋಡಿಕೊಳ್ಳಿ, ನೀರು ಮತ್ತು ಓಆರ್‌ಎಸ್ ಕುಡಿಯಿರಿ. ಬಾಯಲ್ಲಿ ಬಿಳಿ ಪದರ ಅಥವಾ ಹೆಂಗಸರಿಗೆ ಯೋನಿಯಲ್ಲಿ ತುರಿಕೆ, ಬಿಳಿ ಸ್ರಾವ ಕಂಡರೆ ಅದು ಶಿಲೀಂಧ್ರದ ಸೋಂಕು ಇರಬಹುದು, ಅದಕ್ಕೆ ಬೇರೆ ಔಷಧಿ ಇದೆ, ಸಂಕೋಚ ಪಡದೆ ಕೇಳಿ.

ನೀರಿನಂತೆ ಪದೇ ಪದೇ ಹೋಗುತ್ತಿದ್ದರೆ, ರಕ್ತ ಅಥವಾ ಲೋಳೆ ಬಂದರೆ, ಹೊಟ್ಟೆ ಹಿಂಡಿದಂತೆ ನೋವು ಮತ್ತು ಜ್ವರ ಸೇರಿಕೊಂಡರೆ ಅದು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾ ಕರುಳಿನಲ್ಲಿ ಹೆಚ್ಚಾದ ಲಕ್ಷಣ ಇರಬಹುದು. ಅದೇ ದಿನ ಡಾಕ್ಟರ್‌ಗೆ ತೋರಿಸಿ. ಭೇದಿ ನಿಲ್ಲಿಸುವ ಲೋಪೆರಮೈಡ್‌ನಂಥ ಮಾತ್ರೆಯನ್ನು ನೀವಾಗಿ ತಗೊಳ್ಳಬೇಡಿ, ಕರುಳು ನಿಂತರೆ ವಿಷ ಒಳಗೇ ಉಳಿದು ಸ್ಥಿತಿ ಕೆಡಬಹುದು.

ಗರ್ಭನಿರೋಧಕ ಮಾತ್ರೆ ತಗೊಳ್ಳುವವರಿಗೆ ಒಂದು ಮಾತು: ಈ ಆಂಟಿಬಯಾಟಿಕ್ ತಾನಾಗಿ ಅದನ್ನು ಕೆಡಿಸುವುದಿಲ್ಲ. ಆದರೆ ಜೋರು ಭೇದಿ ಅಥವಾ ವಾಂತಿಯಾದರೆ ಆ ಮಾತ್ರೆ ಮೈಗೆ ಹತ್ತದೇ ಹೋಗಬಹುದು, ಆ ದಿನಗಳಲ್ಲಿ ಬೇರೆ ರಕ್ಷಣೆಯೂ ಇರಲಿ.

ಹಂತ 9: ತಕ್ಷಣ ನಿಲ್ಲಿಸಿ ಹೊರಡಬೇಕಾದ ಲಕ್ಷಣಗಳು

ಮಾತ್ರೆ ನುಂಗಿದ ಕೆಲವೇ ನಿಮಿಷಗಳಲ್ಲಿ ಅಥವಾ ಗಂಟೆಗಳಲ್ಲಿ ತುಟಿ, ನಾಲಿಗೆ, ಮುಖ ಊದಿದರೆ, ಉಸಿರಾಟದಲ್ಲಿ ಸೀಟಿ ಬಂದರೆ, ಧ್ವನಿ ಕಟ್ಟಿದರೆ, ತಲೆ ಸುತ್ತಿ ಬೀಳುವಂತಾದರೆ, ಎದೆ ನೋವಾದರೆ ಕಾಯಬೇಡಿ, ತುರ್ತು ಚಿಕಿತ್ಸೆಗೆ ಹೋಗಿ. ಒಬ್ಬರೇ ವಾಹನ ಓಡಿಸಿಕೊಂಡು ಹೋಗಬೇಡಿ. ಮನೆಯಲ್ಲಿರುವ ಅಲರ್ಜಿ ಮಾತ್ರೆ ನುಂಗಿ ಇಳಿಯುತ್ತಾ ಅಂತ ನೋಡುತ್ತಾ ಕೂರುವುದರಲ್ಲಿ ಅಮೂಲ್ಯ ಹೊತ್ತು ಕಳೆದುಹೋಗುತ್ತದೆ.

ಚರ್ಮದಲ್ಲಿ ಗುಳ್ಳೆ ಎದ್ದರೆ, ಸುಲಿದರೆ, ಬಾಯಿ ಕಣ್ಣು ಗುಪ್ತಾಂಗದಲ್ಲಿ ಹುಣ್ಣಾದರೆ, ದದ್ದಿನ ಜೊತೆ ಜ್ವರ ಬಂದು ಗಂಟುಗಳು ಊದಿದರೆ ಇದೂ ತುರ್ತೇ.

ಕೆಲವು ದಿನ ಕಳೆದ ಮೇಲೆ ಮೈಮೇಲೆ ಸಣ್ಣ ಕೆಂಪು ಚುಕ್ಕೆಗಳಂತೆ ದದ್ದು ಬರುವುದೂ ಉಂಟು, ಎಲ್ಲ ಸಲವೂ ಅದು ಅಪಾಯದ ಅಲರ್ಜಿ ಆಗಿರುವುದಿಲ್ಲ. ಆದರೂ ಮುಂದಿನ ಡೋಸ್‌ಗೆ ಮೊದಲು ಡಾಕ್ಟರ್‌ಗೆ ಕೇಳಿ, ಬೆಳಕಿನಲ್ಲಿ ಫೋಟೊ ತೆಗೆದಿಡಿ. ಅವರ ಹತ್ತಿರ ಹೋಗುವಷ್ಟರಲ್ಲಿ ದದ್ದು ಮಾಸಿಹೋದರೆ ತೋರಿಸಲು ಏನೂ ಇರುವುದಿಲ್ಲ.

ಕಣ್ಣು, ಚರ್ಮ ಹಳದಿ, ಮೂತ್ರ ಕಡು ಬಣ್ಣ, ಮಲ ಬಿಳಿಚಿದ ಬಣ್ಣ, ಮೈಯೆಲ್ಲ ತುರಿಕೆ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು: ಲಿವರ್ ಲಕ್ಷಣಗಳು ಇವು. ಮಾತ್ರೆ ನಿಲ್ಲಿಸಿ ಡಾಕ್ಟರ್‌ಗೆ ತೋರಿಸಿ.

ಹಂತ 10: ಮೂರನೇ ದಿನ ಒಮ್ಮೆ ಲೆಕ್ಕ ಹಾಕಿ

ಬಹುತೇಕ ಸೋಂಕುಗಳಲ್ಲಿ 48ರಿಂದ 72 ಗಂಟೆಯೊಳಗೆ ಸ್ವಲ್ಪವಾದರೂ ಹಗುರ ಅನ್ನಿಸಬೇಕು. ಜ್ವರ ಇಳಿಯುತ್ತಿಲ್ಲ, ಊತ ಹರಡುತ್ತಿದೆ, ಉಸಿರಾಟ ಕಷ್ಟವಾಗುತ್ತಿದೆ ಅಂದರೆ ಕೋರ್ಸ್ ಮುಗಿಯಲಿ ಅಂತ ಕಾಯಬೇಡಿ. ಬ್ಯಾಕ್ಟೀರಿಯಾ ಈ ಔಷಧಿಗೆ ಬಗ್ಗದಿರಬಹುದು, ಒಳಗೆ ಕೀವು ಕಟ್ಟಿ ಅದನ್ನು ತೆಗೆಯಬೇಕಾಗಿರಬಹುದು, ಅಥವಾ ಅದು ಬ್ಯಾಕ್ಟೀರಿಯಾದ ಸೋಂಕೇ ಅಲ್ಲದಿರಬಹುದು. ನೀವಾಗಿ ಡೋಸ್ ಏರಿಸುವುದು, ಇನ್ನೊಂದು ಆಂಟಿಬಯಾಟಿಕ್ ಸೇರಿಸುವುದು ಇದಕ್ಕೆ ಉತ್ತರವಲ್ಲ.

ಚೆನ್ನಾಗಿ ಅನ್ನಿಸಿದಾಗ ಬಿಡಬಹುದಾ? ಇದನ್ನು ಎಲ್ಲರೂ ಕೇಳುತ್ತಾರೆ. ಕೆಲವು ಸೋಂಕಿಗೆ 5 ದಿನ ಸಾಕು, ಕೆಲವಕ್ಕೆ 7 ಅಥವಾ 10 ಬೇಕು, ಮೂಳೆಯಂಥ ಆಳದ ಸೋಂಕಿಗೆ ಇನ್ನೂ ಜಾಸ್ತಿ. ಬೇಕಿಲ್ಲದೆ ಉದ್ದ ಎಳೆಯುವುದೂ ಒಳ್ಳೆಯದಲ್ಲ, 14 ದಿನ ದಾಟುವುದಾದರೆ ಡಾಕ್ಟರ್ ಮತ್ತೆ ನೋಡಿಯೇ ಮುಂದುವರಿಸಬೇಕು. ಹಾಗಾಗಿ ಬೇಗ ಗುಣವಾದರೆ "ಇನ್ನೂ ಎಷ್ಟು ದಿನ ಬೇಕು" ಅಂತ ಫೋನ್ ಮಾಡಿ ಕೇಳಿ, ಅವರು ಸಾಕು ಅಂದರೆ ಸಾಕು. ಕೇಳದೆ ನಿಲ್ಲಿಸಬೇಡಿ.

ಮೂತ್ರದಲ್ಲಿ ಸಕ್ಕರೆ ನೋಡುವ ಬೆನೆಡಿಕ್ಟ್ ದ್ರಾವಣದ ಹಳೆಯ ಪರೀಕ್ಷೆ ಈ ದಿನಗಳಲ್ಲಿ ಸುಳ್ಳು ಪಾಸಿಟಿವ್ ತೋರಿಸಬಹುದು, ಯಾವುದೇ ಪರೀಕ್ಷೆಗೆ ಹೋದರೂ ಈ ಮಾತ್ರೆ ನಡೆಯುತ್ತಿದೆ ಅಂತ ಹೇಳಿ.

ಹಂತ 11: ಕೊನೆಯ ಡೋಸ್ ಆದ ಮೇಲೆ

ಎರಡು ವಿಷಯಗಳ ಮೇಲೆ ಇನ್ನೂ ಸ್ವಲ್ಪ ದಿನ ಕಣ್ಣಿಡಬೇಕು. ಕರುಳಿನ ಆ ಕೆಟ್ಟ ಭೇದಿ ಮಾತ್ರೆ ನಿಂತು ಎರಡು ತಿಂಗಳಾದ ಮೇಲೂ ಬರಬಹುದು. ಲಿವರ್ ತೊಂದರೆ ಕೂಡ ಕೆಲವರಲ್ಲಿ ಕೋರ್ಸ್ ಮುಗಿದು ವಾರಗಳಾದ ಮೇಲೆ ಕಾಣಿಸಿಕೊಳ್ಳುತ್ತದೆ, ಅಷ್ಟು ಹೊತ್ತಿಗೆ ಮಾತ್ರೆಯ ನೆನಪೇ ಇರುವುದಿಲ್ಲ. ಆಗ ಡಾಕ್ಟರ್ ಹತ್ತಿರ ಹೋದರೆ "ಇಂಥ ದಿನದಿಂದ ಇಂಥ ದಿನದವರೆಗೆ ಈ ಮಾತ್ರೆ ತಗೊಂಡಿದ್ದೆ" ಅಂತ ನೀವೇ ಹೇಳಬೇಕು.

ಉಳಿದ ಮಾತ್ರೆ, ಸಿರಪ್ ಎತ್ತಿಡಬೇಡಿ, ಯಾರಿಗೂ ಕೊಡಬೇಡಿ, ಸಿಂಕ್ ಅಥವಾ ಶೌಚಾಲಯಕ್ಕೆ ಸುರಿಯಬೇಡಿ. ಹಿಂದಕ್ಕೆ ತೆಗೆದುಕೊಳ್ಳುವ ಔಷಧಿ ಅಂಗಡಿ ಇದ್ದರೆ ಅಲ್ಲಿಗೆ ಕೊಡಿ.

ಆಮೇಲೆ ಫೋನ್‌ನಲ್ಲೋ ಆರೋಗ್ಯದ ಫೈಲಿನಲ್ಲೋ ನಾಲ್ಕು ಸಾಲು ಬರೆಯಿರಿ: ಔಷಧಿಯ ಹೆಸರು ಎರಡೂ ಭಾಗ ಸೇರಿಸಿ, ಶಕ್ತಿ, ತಾರೀಖು, ಯಾವ ಸೋಂಕಿಗೆ. ಏನಾದರೂ ತೊಂದರೆ ಆಗಿದ್ದರೆ ಬರೀ "ಅಲರ್ಜಿ" ಅಂತ ಬರೆದು ಮುಗಿಸಬೇಡಿ. "ಎರಡನೇ ದಿನ ರಾತ್ರಿ ಮಾತ್ರೆ ನುಂಗಿ ಅರ್ಧ ಗಂಟೆಗೆ ದಡಿಕೆ, ತುಟಿ ಊತ" ಅಥವಾ "ಮೂರು ದಿನ ಭೇದಿ, ದದ್ದು ಇಲ್ಲ" ಅಂತ ನಡೆದದ್ದನ್ನು ನಡೆದ ಹಾಗೆ ಬರೆಯಿರಿ. ಮೊದಲನೆಯದನ್ನು ಓದಿದ ಡಾಕ್ಟರ್ ಪೆನಿಸಿಲಿನ್ ಗುಂಪನ್ನೇ ಮುಟ್ಟುವುದಿಲ್ಲ, ಎರಡನೆಯದನ್ನು ಓದಿದವರು ಬೇಕಾದಾಗ ಅದನ್ನು ಬಳಸಬಲ್ಲರು.